ಬಿದ್ದ ಪಾದಕ್ಕೆ ವಿದ್ಯುತ್ತು, ಬಿದ್ದ ದುಡಿಮೆಗಾರನಿಗೆ ಏನು?

ಬೆಟಗೇರಿಯ ನೇಕಾರರ ಓಣಿಯ ಒಂದು ಮನೆಯ ಹೊಸ್ತಿಲಲ್ಲಿ ನಾವು ಒಂದು ಜೊತೆ ಚಪ್ಪಲಿ ನೋಡಿದೆವು. ಬಲಗಾಲಿನದು ಇನ್ನೂ ಗಟ್ಟಿಯಾಗಿದೆ. ಎಡಗಾಲಿನದರ ಮುಂತುದಿ ಮಾತ್ರ ನೆಲಕ್ಕೆ ತೇದು ತೇದು ಹರಿದುಹೋಗಿದೆ. ಅದನ್ನು ಮೆಟ್ಟಿದವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವಿದ್ಯುತ್ ಮಗ್ಗದ ಮುಂದೆ ನಿಂತು ದುಡಿದವರು. ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತು ತಿರುಗಿ ಬಂತು, ಕೈಗೂ ಅಷ್ಟಿಷ್ಟು ಶಕ್ತಿ ಬಂತು. ಆದರೆ ಹೆಜ್ಜೆ ಎತ್ತಿದಾಗ ಎಡಪಾದ ಮೇಲೇಳುವುದಿಲ್ಲ. ಬೆರಳು ನೆಲವನ್ನು ಕೆರೆಯುತ್ತದೆ. ಓಣಿಯ ಗಟಾರ ದಾಟುವಾಗ ಮೂರು ಸಲ ಬಿದ್ದಿದ್ದಾರೆ. ಈಗ ಮನೆ ಬಿಟ್ಟು ಹೊರಬೀಳುವುದನ್ನೇ ಬಿಟ್ಟಿದ್ದಾರೆ.

"ದುಡಿಯೋದು ನಾ ನೋಡ್ಕೋತೀನ್ರಿ ಮಾಸ್ತರ, ಇವರು ತಮ್ಮ ಕಾಲಿಂದ ತಾವು ಅಡ್ಡಾಡಿದ್ರ ಸಾಕಾಗೇತಿ," ಎಂದರು ಅವರ ಮನೆಯವರು.

ಅವರ ಮಗ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ. ಮೊಣಕಾಲ ಕೆಳಗೆ ಒಂದು ಪಟ್ಟಿ ಕಟ್ಟಿಕೊಂಡ ಪರದೇಶದ ಲಕ್ವಾ ರೋಗಿಯೊಬ್ಬ ಪಾದ ಎತ್ತಿ ಎತ್ತಿ ನಡೆಯುತ್ತಾನೆ. ಪಟ್ಟಿಯಲ್ಲಿ ಸಣ್ಣ ವಿದ್ಯುತ್ ಯಂತ್ರವಿದೆ. ಇದು ನಮ್ಮ ಅಪ್ಪನಿಗೆ ಸಿಗುತ್ತದೆಯೇ ಎಂದು ಆ ಹುಡುಗ ಎರಡು ಕಡೆ ವಿಚಾರಿಸಿದ್ದಾನೆ. ಮಾರುವವರು ಲಕ್ಷಗಳ ಲೆಕ್ಕ ಹೇಳಿದರು. ಒಂದು ಕಚೇರಿಯಲ್ಲಿ ಕೂತಿದ್ದವರು, "ಅದೆಲ್ಲಾ ನಿಮ್ಮಂಥವರಿಗಲ್ಲ ತಮ್ಮಾ" ಎಂದರು.

ಬಂಧುಗಳೇ, ನಮ್ಮ ಈ ಲೇಖನ ಆ ಒಂದು ಮಾತಿನ ಮೇಲೆ. ನಿಮ್ಮಂಥವರಿಗಲ್ಲ! ಹಾಗಾದರೆ ಯಾರಿಗೆ? ನಡೆಯುವುದು ಶ್ರೀಮಂತರ ಸೊತ್ತೇ? ಕಾರಿನಲ್ಲಿ ತಿರುಗುವವನಿಗೆ ಪಾದ ಬೇಕು, ಗದಗದ ಅಡತಿ ಅಂಗಡಿಯಲ್ಲಿ ಚೀಲ ಹೊರುವ ಹಮಾಲನಿಗೆ ಪಾದ ಬೇಡವೇ?

ಯಂತ್ರದ ಗುಟ್ಟು

ಮೊದಲು ಆ ಯಂತ್ರವೇನೆಂದು ತಿಳಿದುಕೊಳ್ಳೋಣ. ತಿಳಿಯದ ವಸ್ತುವಿನ ಮುಂದೆ ಬಡವನು ಕೈಮುಗಿದು ನಿಲ್ಲುತ್ತಾನೆ. ತಿಳಿದಮೇಲೆ ಹಕ್ಕು ಕೇಳುತ್ತಾನೆ.

ಲಕ್ವಾ ಎಂದರೆ ಮಿದುಳಿನ ರಕ್ತನಾಳ ಕಟ್ಟುವುದು ಇಲ್ಲವೆ ಒಡೆಯುವುದು. ಕೆಟ್ಟದ್ದು ಮಿದುಳಿನ ಒಂದು ಭಾಗ. ಕಾಲಿನ ನರವಾಗಲಿ ಸ್ನಾಯುವಾಗಲಿ ಅಲ್ಲ. ಧಾರವಾಡದಿಂದ ಬರುವ ತಂತಿ ನಡುದಾರಿಯಲ್ಲಿ ಹರಿದಿದೆ, ಗದಗದ ಊರೊಳಗಿನ ತಂತಿ ಸರಿಯಾಗಿದೆ ಎಂದು ಭಾವಿಸಿರಿ. ಮೇಲಿನ ಅಪ್ಪಣೆ ಬರುತ್ತಿಲ್ಲ, ಅಷ್ಟೆ. ಮೊಣಕಾಲ ಕೆಳಗೆ ಹೊರಮಗ್ಗುಲಲ್ಲಿ ಒಂದು ಎಲುಬಿನ ಗುಬ್ಬಿ ಕೈಗೆ ಹತ್ತುತ್ತದೆ. ಪಾದವನ್ನು ಮೇಲೆತ್ತುವ ನರ ಅದರ ಕೊರಳನ್ನು ಸುತ್ತಿಕೊಂಡು ಚರ್ಮಕ್ಕೆ ತೀರ ಹತ್ತಿರ ಹಾಯುತ್ತದೆ. ಅಲ್ಲಿ ಚರ್ಮದ ಮೇಲೆ ಅಂಟು ಬಿಲ್ಲೆ ಹಚ್ಚಿ, ಬ್ಯಾಟರಿಯಿಂದ ಸಣ್ಣ ಸಣ್ಣ ಮಿಡಿತಗಳಲ್ಲಿ ವಿದ್ಯುತ್ ಹಾಯಿಸಿದರೆ ಸ್ನಾಯು ಬಿಗಿದು ಪಾದ ಏಳುತ್ತದೆ. ಹಿಮ್ಮಡಿಯ ಕೆಳಗೆ, ಚಪ್ಪಲಿಯೊಳಗೆ, ಒಂದು ಗುಂಡಿ. ಹಿಮ್ಮಡಿ ನೆಲ ಬಿಟ್ಟಾಗ ವಿದ್ಯುತ್ ಹರಿಯುತ್ತದೆ. ಹಿಮ್ಮಡಿ ನೆಲಕ್ಕೆ ತಾಗಿದಾಗ ನಿಲ್ಲುತ್ತದೆ. ಹೊಸ ಮಾದರಿಗಳಲ್ಲಿ ಗುಂಡಿಯ ಬದಲು ಕಾಲು ವಾಲಿದ್ದನ್ನು ತಾನೇ ಅರಿಯುವ ಸಾಧನವಿದೆ. ಒಳಗಿನ ತತ್ವ ಅದೇ.

ನಮ್ಮಲ್ಲಿ ದವಾಖಾನೆಯ ಮಂಚದ ಮೇಲೆ ಮಲಗಿಸಿ 'ಕರೆಂಟು ಕೊಡುವುದು' ಎಲ್ಲರಿಗೂ ಗೊತ್ತು. ಅದು ಬೇರೆ, ಇದು ಬೇರೆ. ಅಲ್ಲಿ ರೋಗಿ ಮಲಗಿರುತ್ತಾನೆ. ಇಲ್ಲಿ ಅವನು ನಡೆಯುತ್ತಾನೆ, ಯಂತ್ರ ಅವನ ಹೆಜ್ಜೆಗೆ ತಾಳ ಹಾಕುತ್ತದೆ.

ಅರವತ್ತು ವರ್ಷದ ಹಳೆಯ ವಿದ್ಯೆ

ಇದು ನಿನ್ನೆ ಮೊನ್ನೆಯ ಚಮತ್ಕಾರವೇ? ಅಲ್ಲ. ೧೯೬೧ರಲ್ಲಿ ಅಮೆರಿಕದ ಲಿಬರ್ಸನ್ ಎಂಬ ವೈದ್ಯರೂ ಅವರ ಸಂಗಡಿಗರೂ ಹಿಮ್ಮಡಿ ಗುಂಡಿಯ ಈ ಯಂತ್ರವನ್ನು ಲಕ್ವಾ ರೋಗಿಗಳ ಕಾಲಿಗೆ ಕಟ್ಟಿ ನಡೆಸಿ ವರದಿ ಬರೆದರು. ಅದೇ ದಶಕದಲ್ಲಿ ಯುಗೋಸ್ಲಾವಿಯದ ಲ್ಯುಬ್ಲಿಯಾನಾ ನಗರದಲ್ಲಿ ಲೋಯ್ಜೆ ವೋಡೋವ್ನಿಕ್ ಎಂಬ ಇಂಜಿನಿಯರರು ಪುನರ್ವಸತಿ ವೈದ್ಯರೊಡನೆ ಕೂಡಿ ಈ ಕೆಲಸ ಕೈಗೆತ್ತಿಕೊಂಡರು. ಆ ನಗರ ಇಂದು ಸ್ಲೊವೇನಿಯ ದೇಶದ ರಾಜಧಾನಿ. ಯುದ್ಧದಲ್ಲಿ ಬೆಂದು ಎದ್ದಿದ್ದ, ಶ್ರೀಮಂತವಲ್ಲದ ದೇಶವೊಂದು ಈ ವಿದ್ಯೆಯ ಕೇಂದ್ರವಾಯಿತು ಎಂಬುದನ್ನು ಗಮನಿಸಿರಿ.

ಮುಂದೆ ಇಂಗ್ಲೆಂಡಿನ ಸಾಲ್ಸ್‌ಬರಿಯ ಆಸ್ಪತ್ರೆಯವರು ತಾವೇ ಒಂದು ಯಂತ್ರ ಸಿದ್ಧಪಡಿಸಿದರು. ಅದನ್ನು ಕಟ್ಟಿಕೊಂಡವರ ನಡಿಗೆಯ ವೇಗ ಹೆಚ್ಚಿತು, ದಣಿವು ಕಡಿಮೆಯಾಯಿತು ಎಂಬ ಪ್ರಯೋಗದ ಫಲ ೧೯೯೭ರಲ್ಲಿ ಪ್ರಕಟವಾಯಿತು. ೨೦೦೯ರಲ್ಲಿ ಅಲ್ಲಿಯ ಸರಕಾರಿ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಎಂಬ ಸಂಸ್ಥೆ, ನಡಿಗೆ ಸುಧಾರಿಸುವ ಮಟ್ಟಿಗೆ ಈ ಚಿಕಿತ್ಸೆಯನ್ನು ಬಳಸಲು ಸಾಕಷ್ಟು ಆಧಾರವಿದೆ ಎಂದಿತು. ಸಾಲ್ಸ್‌ಬರಿಯದು ಜಿಲ್ಲಾ ಆಸ್ಪತ್ರೆ. ಆ ಮಾತನ್ನು ಇನ್ನೊಮ್ಮೆ ಓದಿರಿ: ಜಿಲ್ಲಾ ಆಸ್ಪತ್ರೆ! ಅಲ್ಲಿಯ ಜಿಲ್ಲಾ ಆಸ್ಪತ್ರೆ ಯಂತ್ರ ಕಟ್ಟುತ್ತದೆ. ಇಲ್ಲಿ ಅಂಥ ಯಂತ್ರದ ಹೆಸರೆತ್ತಿದರೆ ನಮ್ಮನ್ನು ನೋಡಿ ನಗುತ್ತಾರೆ.

ನಮ್ಮ ದೇಶದಲ್ಲಿ ಬುದ್ಧಿಯಿಲ್ಲವೇ? ಖರಗಪುರದ ಐಐಟಿಯವರು ಕಲಕತ್ತೆಯಲ್ಲಿ ಲಕ್ವಾ ರೋಗಿಗಳ ಕಾಲಿಗೆ ಇದೇ ರೀತಿಯ ಚಿಕಿತ್ಸೆ ಕೊಟ್ಟು ೨೦೧೦-೧೧ರ ಸುಮಾರಿಗೆ ವರದಿ ಪ್ರಕಟಿಸಿದರು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ಒಂದು ವಿಭಾಗವಿದೆ. ಇನ್ನು ಜಯಪುರದ ಕೃತಕ ಕಾಲಿನ ಕಥೆ ಯಾರಿಗೆ ಗೊತ್ತಿಲ್ಲ? ೧೯೬೦ರ ದಶಕದ ಕೊನೆಗೆ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಡಾ. ಪಿ. ಕೆ. ಸೇಠಿಯವರೂ ಸೇರಿ ರಬ್ಬರಿನಿಂದ ಮಾಡಿದ ಪಾದ ಲಕ್ಷಾಂತರ ಬಡವರನ್ನು ಎಬ್ಬಿಸಿ ನಿಲ್ಲಿಸಿತು. ಬ್ಯಾಟರಿ, ಗುಂಡಿ, ಬಿಲ್ಲೆ, ಒಂದು ಸಣ್ಣ ಪೆಟ್ಟಿಗೆ: ಇಷ್ಟರ ಯಂತ್ರವನ್ನು ಅಗ್ಗವಾಗಿ ಮಾಡಲು ಈ ದೇಶಕ್ಕೆ ಆಗದೆ? ಅಮೆರಿಕದಲ್ಲಿ ಹೆಸರುವಾಸಿಯಾದ ಮಾದರಿಗಳ ಬೆಲೆ ಸುಮಾರು ಐದು ಸಾವಿರ ಡಾಲರು, ಎಂದರೆ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ಈ ಬೆಲೆ ಬ್ಯಾಟರಿಯದಲ್ಲ, ತಂತಿಯದಲ್ಲ. ಕೊಳ್ಳುವವನ ಅಸಹಾಯಕತೆಯ ಮೇಲೆ ಕಟ್ಟಿದ ಬೆಲೆ.

ಮಾರಾಟಗಾರನಿಗೂ ಒಂದು ಮಾತು

ಆದರೆ ಸರಕಾರವನ್ನು ಬೈಯುವ ಭರದಲ್ಲಿ ನಾವು ಮಾರಾಟಗಾರನ ತುತ್ತೂರಿ ಊದುವವರಲ್ಲ. ನಿಜವನ್ನು ಪೂರ್ತಿ ಹೇಳಬೇಕು.

ಈ ಯಂತ್ರ ಲಕ್ವಾವನ್ನು ವಾಸಿ ಮಾಡುವುದಿಲ್ಲ. ಅದನ್ನು ಬಿಚ್ಚಿಟ್ಟರೆ ಹಲವರ ಪಾದ ಮೊದಲಿನಂತೆಯೇ ಜೋತುಬೀಳುತ್ತದೆ. ಪಾದದ ನರವೇ ಸತ್ತಿದ್ದರೆ ಇದು ಕೆಲಸ ಮಾಡುವುದಿಲ್ಲ; ಆದ್ದರಿಂದ ಪೋಲಿಯೊ ಆದವರ ಕಾಲಿಗೆ ಇದು ನಿರುಪಯೋಗಿ. ಹೃದಯಕ್ಕೆ ಪೇಸ್‌ಮೇಕರ್ ಕೂಡಿಸಿಕೊಂಡವರು, ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಅಂಟು ಬಿಲ್ಲೆಗಳು ಕೆಲ ವಾರಗಳಲ್ಲಿ ಅಂಟು ಕಳೆದುಕೊಳ್ಳುತ್ತವೆ, ಹೊಸವನ್ನು ಕೊಳ್ಳುತ್ತಲೇ ಇರಬೇಕು. ಸಾಲ ಮಾಡಿ ತಂದ ಯಂತ್ರ ಬಿಲ್ಲೆಯಿಲ್ಲದೆ ಜಂತಿಯ ಮೇಲೆ ಧೂಳು ತಿನ್ನುತ್ತದೆ.

ಎಲ್ಲಕ್ಕೂ ಮುಖ್ಯವಾದ ಇನ್ನೊಂದು ಮಾತನ್ನು ಜಾಹೀರಾತು ಹೇಳುವುದಿಲ್ಲ. ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಆಸರೆ ಒಂದಿದೆ. ದವಾಖಾನೆಯವರು ಸ್ಪ್ಲಿಂಟು ಎನ್ನುತ್ತಾರೆ, ಎ.ಎಫ್.ಒ. ಎಂದೂ ಬರೆಯುತ್ತಾರೆ. ಬೆಲೆ ಕೆಲವು ಸಾವಿರ ರೂಪಾಯಿ. ಯಂತ್ರ ಮೇಲೋ ಈ ಆಸರೆ ಮೇಲೋ ಎಂದು ಅಮೆರಿಕದಲ್ಲಿ ಎರಡು ದೊಡ್ಡ ಪ್ರಯೋಗಗಳು ನಡೆದವು. ೨೦೧೩ರದರಲ್ಲಿ ೧೯೭ ರೋಗಿಗಳು, ೨೦೧೪ರದರಲ್ಲಿ ೪೯೫ ರೋಗಿಗಳು. ನಡಿಗೆಯ ವೇಗದಲ್ಲಿ ಎರಡೂ ಹೆಚ್ಚುಕಡಿಮೆ ಸಮವೆಂದು ಕಂಡಿತು. ಯಂತ್ರ ಕಟ್ಟಿಕೊಂಡವರು ಅದನ್ನು ಹೆಚ್ಚು ಮೆಚ್ಚಿದರು ಎಂಬುದೂ ನಿಜ. ಗಡುಸಾದ ಆಸರೆ ಕೆಲವರಿಗೆ ಚರ್ಮ ಒತ್ತುತ್ತದೆ, ಸೆಕೆಗೆ ಬೆವರುತ್ತದೆ, ಕುಕ್ಕರಗಾಲಿನಲ್ಲಿ ಕೂರಲು ಬಿಡುವುದಿಲ್ಲ. ಅಂಥವರಿಗೆ ಯಂತ್ರವೇ ಮೇಲು. ಆದರೆ ಹೊಲ ಮಾರಿ, ಹೆಂಡತಿಯ ತಾಳಿ ಅಡವಿಟ್ಟು ನಾಲ್ಕು ಲಕ್ಷ ತರುವ ಮೊದಲು ಪ್ರತಿಯೊಬ್ಬನಿಗೂ ಈ ಸಂಗತಿಯನ್ನು ಹೇಳಬೇಕು. ಹೇಳದೆ ಮಾರುವವನು ಔಷಧ ಮಾರುತ್ತಿಲ್ಲ, ಆಸೆ ಮಾರುತ್ತಿದ್ದಾನೆ.

ಹಾಗಾದರೆ, "ನೋಡಿದಿರಾ, ಯಂತ್ರವೇ ಬೇಡ" ಎಂದು ಸರಕಾರದವರು ಕೈ ತೊಳೆದುಕೊಳ್ಳಬಹುದೇ? ನಿಲ್ಲಿರಿ ಮಹಾಶಯರೇ. ಆ ಪ್ರಯೋಗಗಳಲ್ಲಿ ಆಸರೆ ಯಂತ್ರಕ್ಕೆ ಸಮನಾಗಿ ನಿಂತದ್ದು ಅದನ್ನು ಅಳತೆ ತೆಗೆದು ಕೂಡಿಸುವ ಕೈ ಇತ್ತೆಂದು, ಹೆಜ್ಜೆ ಕಲಿಸುವ ಫಿಜಿಯೋಥೆರಪಿಸ್ಟ್ ಇದ್ದರೆಂದು. ಬೆಟಗೇರಿಯ ಆ ನೇಕಾರರಿಗೆ ಎರಡು ವರ್ಷದಲ್ಲಿ ಯಂತ್ರವೂ ಸಿಗಲಿಲ್ಲ, ಆಸರೆಯೂ ಸಿಗಲಿಲ್ಲ, ಅಂಥದೊಂದು ಆಸರೆ ಇದೆಯೆಂಬ ಮಾತೂ ಸಿಗಲಿಲ್ಲ. ಬಿಡುಗಡೆಯ ಚೀಟಿಯಲ್ಲಿ ಬರೆದುಕೊಟ್ಟದ್ದು ಮಾತ್ರೆಗಳ ಹೆಸರು, ಕೊನೆಗೆ 'ವ್ಯಾಯಾಮ' ಎಂಬ ಒಂದು ಪದ.

'ಮನೆಯವರೇ ಮಾಡಿಸಲಿ'

ಇನ್ನೊಂದು ಉಪದೇಶ ನಾವು ಬಹಳ ಕೇಳಿದ್ದೇವೆ. "ವ್ಯಾಯಾಮವೇನು ದೊಡ್ಡ ವಿದ್ಯೆ? ಹೆಂಡತಿಗೆ ತೋರಿಸಿಕೊಟ್ಟರೆ ಮನೆಯಲ್ಲೇ ಮಾಡಿಸುತ್ತಾಳೆ." ಕೇಳುವುದಕ್ಕೆ ಹಿತವಾದ ಮಾತು, ಖಜಾನೆಗೆ ಇನ್ನೂ ಹಿತ. ಆದರೆ ಇದನ್ನು ನಮ್ಮ ದೇಶದಲ್ಲಿಯೇ ಒರೆಗೆ ಹಚ್ಚಿ ನೋಡಿದ್ದಾರೆ. ಭಾರತದ ೧೪ ಆಸ್ಪತ್ರೆಗಳಲ್ಲಿ ೧,೨೫೦ ಲಕ್ವಾ ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಅಟೆಂಡ್ ಎಂಬ ಪ್ರಯೋಗದ ಫಲ ೨೦೧೭ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿನ ಮನೆಯವರಿಗೆ ಆರೈಕೆ, ವ್ಯಾಯಾಮ ಕಲಿಸಿಕೊಟ್ಟರು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. ಆರು ತಿಂಗಳ ತರುವಾಯ ಸಾವಿನಲ್ಲಾಗಲಿ ಪರಾವಲಂಬನೆಯಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಇದು ಮನೆಯವರ ಅಂತಃಕರಣಕ್ಕೆ ಬಂದ ಸೋಲಲ್ಲ. ತರಬೇತಾದವರ ಕೆಲಸವನ್ನು ಪುಕ್ಕಟೆ ಪ್ರೀತಿಯಿಂದ ತೂಗಿಸಬಹುದೆಂಬ ಲೆಕ್ಕಾಚಾರಕ್ಕೆ ಬಂದ ಸೋಲು. ಬೆಳಗ್ಗೆ ಎದ್ದು ನೀರು ತಂದು, ರೊಟ್ಟಿ ಬಡಿದು, ಕೂಲಿಗೆ ಹೋಗಿ ಬಂದು, ಗಂಡನನ್ನು ಎಬ್ಬಿಸಿ ಕೂಡಿಸಿ ತೊಳೆದು ಬಳಿದ ಹೆಣ್ಣುಮಗಳು ರಾತ್ರಿ ಹತ್ತಕ್ಕೆ ವೈದ್ಯಳೂ ಆಗಬೇಕೇ?

ಬಸ್ಸಿನ ಮಾತೂ ಇದೆ. ಮುಂಡರಗಿಯಿಂದ ಗದಗಕ್ಕೆ ಸುಮಾರು ೪೦ ಕಿಲೋಮೀಟರು. ಲಕ್ಷ್ಮೇಶ್ವರದವರಿಗೂ ಹೆಚ್ಚುಕಡಿಮೆ ಅಷ್ಟೇ ದಾರಿ. ೨೦೨೩ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಡತಿಗೆ ಟಿಕೀಟಿಲ್ಲ; ಒಳ್ಳೆಯದಾಯಿತು. ಆದರೆ ಕಾಲೆಳೆಯುವ ಗಂಡ ಟಿಕೀಟು ತೆಗೆಯಬೇಕು. ಅಂಗವಿಕಲರ ಪಾಸು ಬೇಕಾದರೆ ಮೊದಲು ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಬೇಕಾದರೆ ಮೊದಲು ಗದಗಕ್ಕೆ ಬರಬೇಕು. ವಾರಕ್ಕೆ ಮೂರು ದಿನದ ಚಿಕಿತ್ಸೆಗೆ ಆ ಬಸ್ಸಿನ ಮೆಟ್ಟಿಲನ್ನು ಅವನು ಹತ್ತುವುದೆಂತು?

ಕಾಯಿದೆ ಯಾರ ಪಾಲಿಗೆ?

ಕಾಯಿದೆ ಇದೆ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ ೨೭ನೆಯ ಕಲಮು ಸರಕಾರಗಳೂ ಸ್ಥಳೀಯ ಸಂಸ್ಥೆಗಳೂ ಪುನರ್ವಸತಿಯ ಕೆಲಸ ಮಾಡಬೇಕು ಎನ್ನುತ್ತದೆ. ಆದರೆ ಅದರಲ್ಲಿಯೇ 'ತಮ್ಮ ಆರ್ಥಿಕ ಶಕ್ತಿಯ ಮಿತಿಯೊಳಗೆ' ಎಂಬ ಅರ್ಥದ ಮಾತನ್ನು ಸೇರಿಸಿದ್ದಾರೆ. ಆ ಮಿತಿ ಶ್ರೀಮಂತರಿಗೆ ತೆರಿಗೆ ಬಿಡುವಾಗ ನೆನಪಾಗುವುದಿಲ್ಲ, ಬಡವನ ಪಾದ ಎತ್ತುವಾಗ ಮಾತ್ರ ನೆನಪಾಗುತ್ತದೆ!

ಅದೇ ಕಾಯಿದೆಯ ೨೦ನೆಯ ಕಲಮನ್ನು ನೋಡಿರಿ. ಸರಕಾರಿ ನೌಕರನು ಕೆಲಸದಲ್ಲಿರುವಾಗ ಅಂಗವಿಕಲನಾದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಬೇಕಾದರೆ ಬೇರೆ ಕೆಲಸ ಕೊಡಬೇಕು. ಇದು ನ್ಯಾಯ, ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಮಗ್ಗದ ಕೆಲಸಗಾರನಿಗೆ ಈ ರಕ್ಷಣೆ ಇಲ್ಲ. ಜಿನ್ನಿಂಗ್ ಗಿರಣಿಯ ಹೆಣ್ಣಾಳಿಗೆ ಇಲ್ಲ. ಒಂದೇ ರೋಗ, ಒಂದೇ ಕಾಲು. ಒಬ್ಬನಿಗೆ ಪಗಾರ, ಇನ್ನೊಬ್ಬನಿಗೆ ಬಾಗಿಲು!

೧೯೪೮ರ ಕಾಯಿದೆಯಿಂದ ಹುಟ್ಟಿದ ಇಎಸ್‌ಐ ವ್ಯವಸ್ಥೆಯಲ್ಲಿ ಒಂದು ಸವಲತ್ತಿದೆ. ಅದು ಬಹಳ ಕಾರ್ಮಿಕರಿಗೆ ಗೊತ್ತಿಲ್ಲ, ಆದ್ದರಿಂದ ದಪ್ಪಕ್ಷರದಲ್ಲಿ ಓದಿಕೊಳ್ಳಿರಿ. ದೀರ್ಘಕಾಲದ ರೋಗಗಳ ಪಟ್ಟಿಯಲ್ಲಿ ಅರ್ಧಾಂಗ ಲಕ್ವಾ ಇದೆ. ನಿಯಮದಂತೆ ಎರಡು ವರ್ಷ ದುಡಿದು ವಂತಿಗೆ ತುಂಬಿದವರಿಗೆ ಸರಾಸರಿ ಕೂಲಿಯ ನೂರಕ್ಕೆ ೮೦ರಷ್ಟು ಭತ್ಯೆ, ಹೆಚ್ಚೆಂದರೆ ಎರಡು ವರ್ಷದವರೆಗೆ ಸಿಗಬಹುದು. ಆದರೆ ಹತ್ತು ಜನಕ್ಕಿಂತ ಕಡಿಮೆ ಆಳುಗಳಿರುವ ಮಗ್ಗದ ಶೆಡ್ಡಿಗೆ ಇದು ಕಡ್ಡಾಯವಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಕಾರ್ಡು ಎಲ್ಲಿಂದ ಬರಬೇಕು?

ಸಣ್ಣ ವ್ಯಾಪಾರಸ್ಥರೇ, ಇದು ಕೂಲಿಕಾರರ ಗೋಳು, ನಮ್ಮದಲ್ಲ ಎಂದು ಪುಟ ತಿರುವಬೇಡಿರಿ. ನಿಮಗೆ ಇಎಸ್‌ಐ ಇಲ್ಲ, ರಜೆಯಿಲ್ಲ, ಪಗಾರವಿಲ್ಲ. ಲಕ್ಷ್ಮೇಶ್ವರದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರಿಗೆ ಲಕ್ವಾ ಹೊಡೆದರೆ ಎಂಟು ದಿನ ಅಂಗಡಿ ಮುಚ್ಚುತ್ತದೆ, ಉದ್ರಿ ಗಿರಾಕಿ ಬೇರೆ ಕಡೆ ತಿರುಗುತ್ತಾನೆ, ಮಾಲು ಕೊಟ್ಟ ಸಾವುಕಾರ ಬಾಕಿ ಕೇಳುತ್ತಾನೆ. ಶಿರಹಟ್ಟಿಯ ಸಂತೆಯಲ್ಲಿ ಬಟ್ಟೆಗಂಟು ಹೊತ್ತು ಮಾರುವವನ ಬಂಡವಾಳವೆಂದರೆ ಆ ಗಂಟು, ಮತ್ತು ಅದನ್ನು ಹೊರುವ ಎರಡು ಕಾಲು. ಕಾಲಿನ ಮಟ್ಟಿಗೆ ನೀವೂ ನೇಕಾರರೂ ಒಂದೇ ದೋಣಿಯವರು.

ನಮ್ಮ ತಪ್ಪು

ಈಗ ನಮ್ಮ ಮನೆಯ ಮಾತು. ನಾವು ಎಷ್ಟು ಬೇಡಿಕೆ ಪತ್ರ ಬರೆದಿಲ್ಲ! ಬೋನಸು ಕೇಳಿದ್ದೇವೆ, ತುಟ್ಟಿಭತ್ಯೆ ಕೇಳಿದ್ದೇವೆ, ಸೂತಿನ ಬೆಲೆ ಇಳಿಸಿರೆಂದು ಕೂಗಿದ್ದೇವೆ. ಒಂದು ಪತ್ರದಲ್ಲಾದರೂ 'ತಾಲೂಕಿಗೊಬ್ಬ ಫಿಜಿಯೋಥೆರಪಿಸ್ಟ್' ಎಂದು ಬರೆದೆವೇ? ಇಲ್ಲ. ನಿಂತು ದುಡಿಯುವವನು ನಮ್ಮ ಸಂಘದ ಸದಸ್ಯ. ಬಿದ್ದವನ ಹೆಸರು ವಂತಿಗೆಯ ಪುಸ್ತಕದಿಂದ ತಾನಾಗಿ ಅಳಿಸಿಹೋಗುತ್ತದೆ. ಆ ನೇಕಾರರ ಮನೆಗೆ ನಾವು ಹೋದದ್ದೂ ಎರಡು ವರ್ಷದ ಮೇಲೆ. ಇದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಇದು ನಮ್ಮ ನೆಲದ ಗುಣವೂ ಅಲ್ಲ. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಇದೇ ಗದಗದಲ್ಲಿ ಕಣ್ಣಿಲ್ಲದ ಮಕ್ಕಳ ಕೈಗೆ ತಂಬೂರಿ, ತಬಲಾ ಕೊಟ್ಟು ದೇಶವೇ ತಲೆದೂಗುವಂಥ ಸಂಗೀತಗಾರರನ್ನು ಮಾಡಿದರು. ವೀರೇಶ್ವರ ಪುಣ್ಯಾಶ್ರಮ ಭಿಕ್ಷೆಯ ಜೋಳಿಗೆಯಿಂದ ಮಾಡಿದ್ದನ್ನು ಖಜಾನೆಯ ಕೀಲಿ ಹಿಡಿದ ಸರಕಾರ ಮಾಡಲಾರದೆ? ೧೯೦೫ರಲ್ಲಿ ಇದೇ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊಟ್ಟಮೊದಲ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಒಬ್ಬನಿಂದ ಆಗದ್ದು ಹತ್ತು ಜನರಿಂದ ಆಗುತ್ತದೆ ಎಂದು ಇಡೀ ದೇಶಕ್ಕೆ ಪಾಠ ಹೇಳಿದ್ದು ನಮ್ಮ ಹಳ್ಳಿ. ಆ ಪಾಠವನ್ನು ಇಲ್ಲಿಗೂ ಅನ್ವಯಿಸೋಣ. ಪ್ರತಿಯೊಬ್ಬ ರೋಗಿಯೂ ಯಂತ್ರ ಕೊಳ್ಳಬೇಕಾಗಿಲ್ಲ. ಹತ್ತು ಯಂತ್ರ ಒಂದು ಕಡೆ ಇರಲಿ. ತಜ್ಞರು ಪರೀಕ್ಷಿಸಿ, ಯಾರಿಗೆ ಆಸರೆ ಸಾಲದೋ ಅವರಿಗೆ ಕಟ್ಟಲಿ. ಕೆಲಸ ಮುಗಿದಾಗ ಮರಳಿ ತಂದು ಮುಂದಿನವರಿಗೆ ಕೊಡಲಿ. ಪುಸ್ತಕಾಲಯದಿಂದ ಪುಸ್ತಕ ಒಯ್ಯುವುದಿಲ್ಲವೇ, ಹಾಗೆ.

ನಾವು ಕೇಳುವುದಿಷ್ಟು

ಒಂದು: ಲಕ್ವಾ ಹೊಡೆದವರನ್ನು ನಾಟಿ ಔಷಧಕ್ಕೆಂದು ಊರೂರು ತಿರುಗಿಸದೆ ಆ ಕ್ಷಣವೇ ಆಸ್ಪತ್ರೆಗೆ ತಲುಪಿಸಬೇಕು. ನಾಳ ಕಟ್ಟಿದ ಲಕ್ವಾದಲ್ಲಿ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ತಾಸಿನೊಳಗಿನ ಅವಧಿ ಮಾತ್ರ ಇದೆ. ಮೋರೆ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ತಡಮಾಡಬಾರದು. ೧೦೮ಕ್ಕೆ ಫೋನು ಮಾಡಬೇಕು. ರಕ್ತದೊತ್ತಡದ ಮಾತ್ರೆ ಪ್ರತಿ ಆರೋಗ್ಯ ಕೇಂದ್ರದಲ್ಲಿ ವರ್ಷವಿಡೀ ಪುಕ್ಕಟೆ ಸಿಗಬೇಕು.

ಎರಡು: ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸರಕಾರಿ ಆಸ್ಪತ್ರೆಗಳಲ್ಲಿ ಫಿಜಿಯೋಥೆರಪಿಸ್ಟ್ ಇದ್ದಾರೋ ಇಲ್ಲವೋ, ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂಬುದನ್ನು ಬಾಗಿಲ ಫಲಕದ ಮೇಲೆ ಬರೆದು ಹಾಕಬೇಕು. ಇಲ್ಲದಲ್ಲಿ ಕಾಯಂ ನೇಮಕವಾಗಬೇಕು.

ಮೂರು: ಲಕ್ವಾ ರೋಗಿ ಆಸ್ಪತ್ರೆ ಬಿಡುವ ಮೊದಲೇ ಅವನ ಪಾದ ಪರೀಕ್ಷಿಸಿ, ಬೇಕಿದ್ದರೆ ಆಸರೆಯನ್ನು ಪುಕ್ಕಟೆ ಕೂಡಿಸಿ ಕಳುಹಿಸಬೇಕು.

ನಾಲ್ಕು: ೨೦೧೫ರಲ್ಲಿ ಆರಂಭವಾದ ಗದಗದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನಡಿಗೆಯ ವಿದ್ಯುತ್ ಯಂತ್ರಗಳು ಇದ್ದರೆ ಜನಕ್ಕೆ ತಿಳಿಸಲಿ, ಇಲ್ಲದಿದ್ದರೆ ತರಲಿ, ಎರವಲು ಕೊಡಲಿ, ಬಿಲ್ಲೆಗಳನ್ನೂ ಒದಗಿಸಲಿ.

ಐದು: ಹತ್ತಕ್ಕಿಂತ ಕಡಿಮೆ ಆಳುಗಳಿರುವ ಶೆಡ್ಡುಗಳಿಗೂ ಚಿಲ್ಲರೆ ವ್ಯಾಪಾರಸ್ಥರಿಗೂ ರೋಗಕಾಲದ ಭತ್ಯೆ ಬರಬೇಕು.

ಕಪ್ಪತ್ತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ನಮ್ಮ ಗುಡ್ಡದ ಗಾಳಿಯಿಂದ ಹುಟ್ಟಿದ ವಿದ್ಯುತ್ತು ತಂತಿ ಹಿಡಿದು ದೂರದೂರದ ಊರಿಗೆ ಓಡುತ್ತದೆ. ಬೆಟಗೇರಿಯ ನೇಕಾರನ ಮೊಣಕಾಲಿಗೆ ಬೇಕಾದದ್ದು ಕೈಯಲ್ಲಿ ಹಿಡಿಯುವಂಥ ಒಂದು ಬ್ಯಾಟರಿಯಷ್ಟು. ಅಷ್ಟನ್ನು ಕೊಡಲಾರದ ಆಡಳಿತ ತನ್ನನ್ನು ಜನರದೆಂದು ಕರೆದುಕೊಳ್ಳಬಾರದು.

ಗಿರಣಿಯ ಗೆಳೆಯರೇ, ಅಂಗಡಿಯ ಬಂಧುಗಳೇ, ಮುಂದಿನ ಬೇಡಿಕೆ ಪತ್ರದಲ್ಲಿ ಈ ಐದು ಸಾಲು ಸೇರಿಸಿರಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಿರಿ. ನಿಮ್ಮ ಓಣಿಯಲ್ಲಿ ಮುಂತುದಿ ತೇದ ಒಂಟಿ ಚಪ್ಪಲಿ ಯಾರ ಹೊಸ್ತಿಲಲ್ಲಿದೆ ಎಂದು ನೋಡಿ ಬನ್ನಿರಿ. ಆ ಮನೆಗೆ ಹೋಗಿ ಕೂತು ವಿಚಾರಿಸಿರಿ. "ನಿಮ್ಮಂಥವರಿಗಲ್ಲ" ಎಂದವರಿಗೆ ಉತ್ತರ ಕೊಡುವ ಕೆಲಸ ಆ ಹೊಸ್ತಿಲಿನಿಂದಲೇ ಶುರುವಾಗಲಿ.